ವಿಠ್ಠಲ ಮಾಸ್ತರರು ತಿಂದ ಸಕ್ಕರೆ

ಇಡೀ ಸಿಂದಗಿಯಲ್ಲಿ ಲಕ್ಷ್ಯ ಎಂಬ ಪದಾರ್ಥ ಯಾರ ಹತ್ತಿರವಾದರೂ ಇದ್ದರೆ ಅದು ವಿಠ್ಠಲ ಮಾಸ್ತರರ ಹತ್ತಿರ ಮಾತ್ರ ಎಂದು ಊರು ನಂಬಿತ್ತು. ಊರಿಗಿಂತ ಗಟ್ಟಿಯಾಗಿ ಮಾಸ್ತರರೇ ನಂಬಿದ್ದರು. ಏಳನೇ ಇಯತ್ತೆಯ ಗೋಡೆಯ ಮೇಲೆ ‘ಲಕ್ಷ್ಯವೇ ವಿದ್ಯೆ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದವರು ಅವರೇ. ಪಾಠ ನಡೆದಾಗ ಯಾವನಾದರೂ ಕಿಟಕಿಯ ಆಚೆಗಿನ ಕತ್ತೆಯನ್ನು ನೋಡಿದರೆ ಅವನ ಕಿವಿ ಹಿಂಡಿ, “ಕತ್ತಿ ನಾಳೆನೂ ಬರ್ತದ, ಈ ಪಾಠ ಬರೂದಿಲ್ಲ” ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಹಿಂಡಿದ ಕಿವಿಗಳಿಗೆ ಲೆಕ್ಕವಿಲ್ಲ.

ಇಂಥ ಮಾಸ್ತರರು ಎಪ್ಪತ್ತೊಂದನೇ ಇಸವಿಯ ಸಂಕ್ರಮಣದ ಮುಂದೆ ಸೊಲ್ಲಾಪುರಕ್ಕೆ ಹೋಗಿ ಒಂದು ಟ್ರಾನ್ಸಿಸ್ಟರ್ ತಂದರು. ಹುಡುಗರ ಸಾಮಾನ್ಯ ಜ್ಞಾನಕ್ಕಾಗಿ ಎಂದು ಮನೆಯಲ್ಲಿ ಹೇಳಿದರು. ಸಾಮಾನ್ಯ ಜ್ಞಾನ ಹುಡುಗರ ತನಕ ಹೋಗಲೇ ಇಲ್ಲ, ಮಾಸ್ತರರ ಬಲಗಿವಿಯಲ್ಲೇ ಬಿಡಾರ ಹೂಡಿತು. ಊಟಕ್ಕೆ ಕೂತರೆ ಒಂದು ಕೈ ತಾಟಿಗೆ, ಒಂದು ಕೈ ಕಿವಿಗೆ. ಸಂಧ್ಯಾವಂದನೆಯ ನಡುವೆ ವಾರ್ತೆ ಬಂದರೆ ಆಚಮನದ ನೀರು ಅಂಗೈಯಲ್ಲೇ ಆರುತ್ತಿತ್ತು.

ಅವರೊಬ್ಬರನ್ನೇ ಅಂದು ಫಲವಿಲ್ಲ. ಆ ವರ್ಷ ಊರಿಗೆ ಊರೇ ಗದ್ದಲಕ್ಕೆ ಬಿದ್ದಿತ್ತು. ಹೋಟೆಲಿನ ರೇಡಿಯೋ ಒಂದು ಕಡೆ, ಸಿನೆಮಾದ ಜಾಹೀರಾತು ಕೂಗುವ ಟಾಂಗಾ ಇನ್ನೊಂದು ಕಡೆ, ಸರಕಾರದ ಜೀಪು ಬಂದು ಎರಡು ಮಕ್ಕಳು ಸಾಕು ಎಂದು ಒದರುವುದು ಮತ್ತೊಂದು ಕಡೆ. ಮಾತು ಹೆಚ್ಚಾದಂತೆ ಕೇಳುವವರು ಕಡಿಮೆಯಾದರು. ಮಾಸ್ತರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಯಾರು ಏನೇ ಹೇಳಲಿ, ಎರಡು ಮಾತಿಗೊಮ್ಮೆ “ಹೂಂ” ಎಂದುಬಿಡುವುದು.

ಈ ಉಪಾಯದ ಬಗ್ಗೆ ಹೆಂಡತಿ ರಂಗೂಬಾಯಿಗೆ ಗುಮಾನಿ ಇತ್ತು. ಒಂದು ದಿನ ಪರೀಕ್ಷೆಗೆಂದು, “ಅಡಗಿ ಮನಿಗೆ ಬೆಂಕಿ ಹತ್ತ್ಯದರಿ” ಎಂದಳು. ಮಾಸ್ತರರು “ಹೂಂ, ಹತ್ತಲಿ” ಎಂದರು. ಅಂದೇ ರಂಗೂಬಾಯಿ ದೇವರ ಮುಂದೆ ನಿಂತು, “ಇನ್ನೊಮ್ಮೆ ಹಿಂಗ ಮಾಡಿದ್ರ ಈ ಡಬ್ಬಿ ಸೀದಾ ಬಾವಿಗೆ” ಎಂದು ಆಣೆ ಇಟ್ಟಳು. ಅಲ್ಲಿಂದ ಮುಂದೆ ಮಾಸ್ತರರು ಕೇಳದಿದ್ದರೂ ಕೇಳಿದವರ ಮುಖ ಮಾಡುವುದನ್ನು ಕಲಿತರು.

ಗಣೇಶ ಚೌತಿಯ ಸಂಜೆ ಮಾಸ್ತರರು ಪಡಸಾಲೆಯಲ್ಲಿ ಕೂತಿದ್ದರು. ಲಂಡನ್ನಿನಲ್ಲಿ ಟೆಸ್ಟ್ ಮ್ಯಾಚಿನ ಕಡೆಯ ದಿನ. ಗೆದ್ದರೆ ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲನೇ ಗೆಲುವು. ಮಗ್ಗುಲ ಮನೆಯ ಗೈಬುಸಾಬ, ಅವನು ರೇಡಿಯೋ ರಿಪೇರಿಯವನು, ಗೆದ್ದರೆ ಓಣಿಗೆಲ್ಲ ಸಕ್ಕರೆ ಹಂಚುತ್ತೇನೆಂದು ಹೇಳಿ ಎರಡು ಸೇರು ತಂದಿಟ್ಟಿದ್ದ. ಅಂಥ ಹೊತ್ತಿನಲ್ಲಿ ತಾಂಬಾದ ಗುಂಡೇರಾವ್ ಕುಲಕರ್ಣಿಯವರು ಬಂದರು. ರಂಗೂಬಾಯಿಯ ತವರಿನ ಕಡೆಯ ದೂರದ ನೆಂಟರು, ಹಬ್ಬಕ್ಕೆಂದು ಸಿಂದಗಿಯ ತಂಗಿಯ ಮನೆಗೆ ಬಂದವರು. ಮಾಸ್ತರರು ಟ್ರಾನ್ಸಿಸ್ಟರಿನ ದನಿ ಸಣ್ಣದು ಮಾಡಿ, ಅದನ್ನು ಶಲ್ಯದ ಮರೆಯಲ್ಲಿ ಕಿವಿಗಿಟ್ಟುಕೊಂಡು, ಕೇಳಿದವರ ಮುಖ ಮಾಡಿ ಕೂತರು.

ರಾಯರು ತಮ್ಮ ಪದ್ಧತಿಯಂತೆ ಮಳೆ, ಬೆಳೆ, ಜೋಳದ ಧಾರಣೆಯಿಂದ ಸುರು ಮಾಡಿ ಕಾಲು ತಾಸಿಗೆ ವಿಷಯಕ್ಕೆ ಬಂದರು.

“ನಿಮ್ಮ ಕುಮುದಾನ್ನ ನಮ್ಮ ವೆಂಕಟೇಶಗ ತಂದುಕೋಬೇಕಂತ ಮಾಡೀವಿ, ಮಾಸ್ತರ.”

ಲಂಡನ್ನಿನಲ್ಲಿ ಒಂದು ವಿಕೆಟ್ ಬಿತ್ತು. ಮಾಸ್ತರರು ಎದೆ ಹಿಡಿದುಕೊಂಡು “ಹೂಂ…” ಎಂದರು. ಆ ಹೂಂಕಾರದಲ್ಲಿ ರಾಯರಿಗೆ ಹೆಣ್ಣು ಹೆತ್ತ ತಂದೆಯ ಕರುಳು ಕಂಡಿತು.

“ಹುಡುಗಿ ಬಾಗೇವಾಡಿಯೊಳಗ ಮಾಸ್ತರಕಿ ಟ್ರೇನಿಂಗ್ ಮುಗಸಲಿ. ಎರಡು ವರ್ಷ ನಾವು ಕಾಯ್ತೀವಿ. ನಮಗೇನೂ ಗಡಿಬಿಡಿ ಇಲ್ಲ.”

ನಾಲ್ಕು ರನ್ ಬಂದವು. “ಹೂಂನ್ರಿ! ಹೂಂನ್ರಿ!” ಎಂದು ಮಾಸ್ತರರು ತೊಡೆ ತಟ್ಟಿದರು.

ಇಂಥ ಉತ್ಸಾಹದ ಬೀಗರನ್ನು ರಾಯರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ಸೀಮೆಯಲ್ಲಿ ಮದುವೆಯ ಮಾತುಕತೆ ಪಕ್ಕಾ ಆಯಿತೆಂದರೆ ಹೆಣ್ಣಿನ ತಂದೆ, ಗಂಡಿನ ತಂದೆ ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕುತ್ತಾರೆ. ಸಕ್ಕರೆ ನಾಲಗೆಗೆ ಬಿತ್ತೆಂದರೆ ಮಾತು ಮುಗಿಯಿತು, ಆ ಮೇಲೆ ಹಿಂದೆ ಸರಿದವನ ಮನೆಯ ನೀರು ಕೂಡ ಯಾರೂ ಕುಡಿಯುವುದಿಲ್ಲ. ರಂಗೂಬಾಯಿ ಬೆಳ್ಳಿ ಬಟ್ಟಲಲ್ಲಿ ಸಕ್ಕರೆ ತಂದಿಟ್ಟಳು. ರಾಯರು ಒಂದು ಚಿಟಿಕೆ ಎತ್ತಿದ್ದಕ್ಕೂ ಭಾರತ ಗೆದ್ದದ್ದಕ್ಕೂ ಗಳಿಗೆ ಕೂಡಿ ಬಂತು. ಮಾಸ್ತರರು ಕೂಗಲೆಂದು ಬಾಯಿ ತೆರೆದರು. ಸಕ್ಕರೆ ಒಳಗೆ ಬಿತ್ತು.

ಗೈಬುಸಾಬನ ಸಕ್ಕರೆಯೇ ಮನೆಯೊಳಗೆ ಬಂತೆಂದು ಮಾಸ್ತರರು ತಿಳಿದರು. ಬಟ್ಟಲಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ರಾಯರ ಬಾಯಿಗೆ ತುಂಬಿದರು. ಸಾಲದ್ದಕ್ಕೆ ಅರವತ್ತೈದು ವರ್ಷದ ಮುದುಕರನ್ನು ತೆಕ್ಕೆಯಲ್ಲಿ ಹಿಡಿದು ನೆಲದಿಂದ ಒಂದು ಗೇಣು ಎತ್ತಿ, ಒಂದು ಸುತ್ತು ತಿರುಗಿಸಿ ಇಳಿಸಿದರು. ಕಡಬು ಕೊಡಲು ಬಂದಿದ್ದ ಎದುರುಮನೆಯ ಶಂಕ್ರೆವ್ವ ಬಾಗಿಲಲ್ಲಿ ನಿಂತು ಇದೆಲ್ಲವನ್ನೂ ನೋಡಿದಳು. ರಾಯರು ಮೀಸೆಗೆ ಹತ್ತಿದ ಸಕ್ಕರೆಯನ್ನೂ ಒರೆಸಿಕೊಳ್ಳದೆ ಕಣ್ಣು ಒದ್ದೆ ಮಾಡಿಕೊಂಡು ಹೋದರು.

ಮರುದಿನ ಶಾಲೆಗೆ ಹೊರಟಾಗ ನೀರಿನ ಕೊಡ ಹೊತ್ತ ಶಂಕ್ರೆವ್ವ ಎದುರಾದಳು.

“ನಿನ್ನಿ ಸಕ್ಕರಿ ತಿಂದ್ರಲ್ರಿ ಮಾಸ್ತರ. ನೋಡಿ ಭಾಳ ಖುಷಿ ಆತ್ರಿ.”

“ಆಗದಿದ್ರ ಹೆಂಗ ಶಂಕ್ರೆವ್ವ? ನಲವತ್ತು ವರ್ಷ ಕಾದೀವಿ ಇದಕ್ಕ!”

ಕುಮುದಾಳಿಗೆ ಹತ್ತೊಂಬತ್ತು. ಶಂಕ್ರೆವ್ವನ ಲೆಕ್ಕ ತಪ್ಪಿತು. ಆದರೂ ಸಾವರಿಸಿಕೊಂಡು, “ಹುಡುಗ ಭಾಳ ಚೊಲೊ ಅದಾನಂತ?” ಎಂದಳು.

“ಒಬ್ಬನ್ಯಾಕ? ಹನ್ನೊಂದೂ ಮಂದಿ ಚೊಲೊ!” ಎಂದು ಮಾಸ್ತರರು ಎದೆಯುಬ್ಬಿಸಿ ಮುಂದೆ ನಡೆದರು.

ಶಂಕ್ರೆವ್ವನ ಕೊಡ ಅರ್ಧ ಚೆಲ್ಲಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಾಸ್ತರರ ಕಿವಿಗೆ ಬೀಳುವ ಮೊದಲೇ ಶಾಲೆಯನ್ನು ಎರಡು ಸುತ್ತು ಹಾಕಿತ್ತು. ಹೆಡ್ ಮಾಸ್ತರ ಬಸಂತರಾಯರು ಅವರನ್ನು ತಮ್ಮ ಕೋಣೆಗೆ ಕರೆದು ಎದ್ದು ನಿಂತು ಕೈ ಕುಲುಕಿದರು.

“ಹನ್ನೊಂದು ವರಾ ತಪಾಸ ಮಾಡಿ ಕಡೀಕ ತಾಂಬಾದ ಗುಂಡೇರಾಯರ ಮಗನ್ನ ಆರಿಸಿದ್ರಂತ. ಲಕ್ಷ್ಯ ಇದ್ದವರ ಕೆಲಸ ಅಂದ್ರ ಹಿಂಗ ಇರತೈತಿ ನೋಡ್ರಿ! ಸಕ್ಕರೀನೂ ತಿಂದ್ರಂತಲ್ಲ?”

ಮಾಸ್ತರರ ಕೈಯಿಂದ ಸೀಮೆಸುಣ್ಣದ ಖಡು ಜಾರಿ ಬಿದ್ದು ಎರಡು ತುಂಡಾಯಿತು. ನಾಲಗೆಯ ಮೇಲೆ ನಿನ್ನೆಯ ಸಕ್ಕರೆ ಕಹಿಯಾಗಿ ಮರಳಿ ಬಂತು.

ಅವರಿಗೆ ಗೊತ್ತಿದ್ದಂತೆ ಗುಂಡೇರಾಯರಿಗೆ ಮದುವೆಗೆ ಬಂದ ಮಗ ಒಬ್ಬನೇ, ನರಹರಿ. ಮೂವತ್ತೆಂಟು ವರ್ಷ, ಹೆಂಡತಿ ತೀರಿಕೊಂಡವನು, ಬಾಯಲ್ಲಿ ತಂಬಾಕು, ಕೈಯಲ್ಲಿ ಇಸ್ಪೀಟು. ಕಿರಿಯವನೊಬ್ಬ ಇದ್ದದ್ದು ನಿಜ. ಅವನನ್ನು ಮಾಸ್ತರರು ನೋಡಿದಾಗ ಚಡ್ಡಿ ಜಾರಿಸಿಕೊಂಡು ಗೋಲಿ ಆಡುತ್ತಿದ್ದ. ಹುಡುಗರು ಬೆಳೆಯುತ್ತಾರೆಂಬುದನ್ನು ಮರೆಯುವುದು ಮಾಸ್ತರಕಿಯ ಹಳೆಯ ರೋಗ. ಅವರ ಲೆಕ್ಕದಲ್ಲಿ ವೆಂಕಟೇಶ ಇನ್ನೂ ನಾಲ್ಕನೇ ಇಯತ್ತೆ.

ನಿಜವಾಗಿ ನಾನು ಯಾರಿಗೆ ಹೂಂ ಅಂದೆ ಎಂದು ಹೆಂಡತಿಯನ್ನು ಕೇಳಿದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ಡಬ್ಬಿ ಬಾವಿಗೆ. ಅದಕ್ಕಿಂತ ಹೆಚ್ಚಾಗಿ, ಲಕ್ಷ್ಯದ ಮಾಸ್ತರರು ಮಗಳ ಮದುವೆಯ ಮಾತಿಗೇ ಲಕ್ಷ್ಯ ಕೊಡಲಿಲ್ಲವೆಂದರೆ ಆ ಗೋಡೆಯ ಕೆಂಪು ಅಕ್ಷರ ಅಳಿಸಬೇಕಾಗುತ್ತಿತ್ತು. ಆದ್ದರಿಂದ ಸಂಜೆ ಸುತ್ತು ದಾರಿ ಹಿಡಿದರು.

“ಅಲ್ಲ, ಹುಡುಗನ ಬಗ್ಗೆ ನಿನಗ ಏನನಸ್ತದ?”

“ನನ್ನ ಯಾಕ ಕೇಳ್ತೀರಿ? ಮುದುಕರನ್ನ ಎತ್ತಿ ತಿರುಗಿಸಿದವರು ನೀವು” ಎಂದು ರಂಗೂಬಾಯಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಗಂಡ ಒಂದು ಮಾತನ್ನು ಪೂರಾ ಕೇಳಿದನೆಂದು ಅವಳಿಗೆ ಸಂತೋಷವಾಗಿತ್ತು. ಆ ಸಂತೋಷ ನೋಡಿ ಮಾಸ್ತರರು ಮುಂದಿನ ಪ್ರಶ್ನೆಯನ್ನು ನುಂಗಿಕೊಂಡರು.

ಅಷ್ಟರಲ್ಲಿ ಕುಮುದಾ ಬಂದು ಎದುರಿಗೆ ಕೂತಳು. “ಅಪ್ಪಾ, ನಿಮ್ಮ ಕೂಡ ಒಂದು ಮಾತು ಆಡೂದದ.”

ಮಾಸ್ತರರು ಮಗಳ ತಲೆ ನೇವರಿಸಿದರು. ನರಹರಿಯ ತಂಬಾಕಿನ ಬಾಯಿ ಕಣ್ಣ ಮುಂದೆ ಬಂತು. “ಅಳಬ್ಯಾಡವ್ವ. ನಾ ಎಲ್ಲಾ ಸರಿ ಮಾಡ್ತೀನಿ” ಎಂದರು.

“ನಾ ಎಲ್ಲೆ ಅಳ್ಳಿಕ್ಕತ್ತೀನಿ? ನಾ ಹೇಳೂದೇನಂದ್ರ…”

ಗಣಪತಿ ಕೂಡಿಸಿದ ಚಪ್ಪರದ ಧ್ವನಿವರ್ಧಕದ ಭೋಂಗಾ ಒದರಲು ಸುರು ಮಾಡಿತು. ಕುಮುದಾಳ ತುಟಿ ಆಡಿದವು, ಕೈ ಆಡಿದವು, ಒಮ್ಮೆ ಎರಡು ಬೆರಳು ಎತ್ತಿ ತೋರಿಸಿದಳು. ಹುಡುಗನಿಗೆ ಇದು ಎರಡನೇ ಸಂಬಂಧ ಎನ್ನುತ್ತಿದ್ದಾಳೆಂದು ಮಾಸ್ತರರು ತಿಳಿದು ದುಃಖದಿಂದ “ಹೂಂ” ಎಂದರು. ಮಗಳು ಹಣೆ ಬಡಿದುಕೊಂಡು ಎದ್ದುಹೋದಳು. ನಾಲ್ಕು ದಿನ ಹೀಗೇ ನಡೆಯಿತು. ಅವಳು ಬಾಯಿ ತೆರೆದಾಗ ಒಮ್ಮೆ ವಾರ್ತೆ ಬಂತು, ಒಮ್ಮೆ ಸಿನೆಮಾದ ಟಾಂಗಾ ಬಂತು, ಎರಡೂ ಬಾರದ ದಿನ ಮಾಸ್ತರರೇ ಮನಸ್ಸಿನಲ್ಲಿ ಭಾಷಣ ಬರೆಯುತ್ತ ಕೂತಿದ್ದರು. ತಾಂಬಾಕ್ಕೆ ಹೋಗಿ ಸಂಬಂಧ ಬೇಡವೆಂದು ಹೇಳಿ ಬರುವ ಭಾಷಣ ಅದು. ಮರ್ಯಾದೆ ಹೋದರೂ ಸರಿ, ಮಗಳು ಉಳಿಯಬೇಕು ಎಂದು ನಿಶ್ಚಯಿಸಿಕೊಂಡರು.

ರವಿವಾರ ಪ್ರಾಯಶ್ಚಿತ್ತಕ್ಕೆಂದು ಟ್ರಾನ್ಸಿಸ್ಟರನ್ನು ಮನೆಯಲ್ಲೇ ಬಿಟ್ಟು ಇಂಡಿ ಊರಿಗೆ ಹೋಗುವ ಬಸ್ಸು ಹತ್ತಿದರು. ತಾಂಬಾ ನಡುವೆ ಬರುತ್ತದೆ. ಮುಂದಿನ ಸೀಟಿನವನ ತೊಡೆಯ ಮೇಲೆ ಅಂಥದೇ ಒಂದು ಡಬ್ಬಿ ಹಾಡುತ್ತಿತ್ತು. ಮಾಸ್ತರರು ಬರೀ ಯಾವ ಸ್ಟೇಶನ್ ಎಂದು ತಿಳಿಯಲು ಸ್ವಲ್ಪ ಬಾಗಿದರು. ತಲೆ ಎತ್ತಿದಾಗ ಬಸ್ಸು ಇಂಡಿ ಸ್ಟ್ಯಾಂಡಿನಲ್ಲಿ ನಿಂತಿತ್ತು.

“ತಾಂಬಾ ಬಂದಾಗ ಹೇಳಬಾರದೇನಪ್ಪ?” ಎಂದು ಕಂಡಕ್ಟರನ ಮೇಲೆ ರೇಗಿದರು.

“ಮೂರು ಸಲ ಒದರಿದೆನ್ರಿ. ಮೂರು ಸಲಾನೂ ನೀವು ಹೂಂ ಅಂದ್ರಿ” ಎಂದ ಕಂಡಕ್ಟರ್.

ಇಂಡಿಯ ತನಕ ಹೋಗಿ ಬರಿಗೈಯಲ್ಲಿ ನೆಂಟರ ಮನೆಗೆ ಹೋಗಬಾರದೆಂದು ಒಂದು ಚೀಲ ನಿಂಬೆಹಣ್ಣು ಕೊಂಡರು. ಹೀಗೆ ಸಂಬಂಧ ಮುರಿಯಲು ಹೊರಟವರು ಕೈಯಲ್ಲಿ ಕಾಣಿಕೆ ಹಿಡಿದುಕೊಂಡು ತಿರುಗು ಬಸ್ಸಿನಲ್ಲಿ ತಾಂಬಾಕ್ಕೆ ಬಂದರು.

ಗುಂಡೇರಾಯರು ಅಂಗಳಕ್ಕೇ ಓಡಿಬಂದರು. “ಇವರೇ ನೋಡ್ರಿ, ನನ್ನ ಎತ್ತಿದವರು!” ಎಂದು ಪಡಸಾಲೆಯಲ್ಲಿದ್ದ ನಾಲ್ಕು ಮಂದಿಗೆ ತೋರಿಸಿದರು. ಕಂಬಕ್ಕೆ ಒರಗಿ ನರಹರಿ ತಂಬಾಕು ಅಗಿಯುತ್ತಿದ್ದ. ಹಸಿರು ಬಳೆಯ ತರುಣಿಯೊಬ್ಬಳು ಅವಲಕ್ಕಿ ತಂದಿಟ್ಟಳು. ಇನ್ನು ತಡ ಮಾಡಿದರೆ ಭಾಷಣ ಮರೆಯುತ್ತದೆಂದು ಮಾಸ್ತರರು ಎದ್ದು ನಿಂತು ಕಣ್ಣು ಮುಚ್ಚಿಕೊಂಡರು.

“ರಾಯರ, ಸಿಟ್ಟಿಗೇಳಬ್ಯಾಡ್ರಿ. ಸಕ್ಕರಿ ತಿಂದದ್ದು ಖರೆ. ಆದ್ರ ನಿಮ್ಮ ನರಹರಿಗೆ ನನ್ನ ಮಗಳನ್ನ ಕೊಡಲಿಕ್ಕೆ ಮನಸ್ಸು ಒಪ್ಪವಲ್ದು!”

ನರಹರಿ ಬಾಯಲ್ಲಿದ್ದ ತಂಬಾಕನ್ನು ಉಗುಳಲೂ ಆಗದೆ ನುಂಗಲೂ ಆಗದೆ ನುಂಗಿಯೇಬಿಟ್ಟ. ಹಸಿರು ಬಳೆಯವಳು ಚೆಂಬು ಕೆಳಗಿಟ್ಟು ಅವನ ಕಡೆ ತಿರುಗಿದಳು. “ಅಂದ್ರ ನನ್ನ ತಂದು ನಾಲ್ಕು ತಿಂಗಳಾಗಿಲ್ಲ, ಇನ್ನೊಂದು ನೋಡಲಿಕ್ಕತ್ತೀರೇನು?”

“ನನಗೇನೂ ಗೊತ್ತಿಲ್ಲ! ಅಪ್ಪನ ಆಣಿ!” ಎಂದು ನರಹರಿ ಬಿಕ್ಕಳಿಸಿದ.

ಗುಂಡೇರಾಯರು ಮಾಸ್ತರರ ಕಡೆ ತಿರುಗಿದರು. “ನರಹರಿ ಮದುವಿ ವೈಶಾಖದಾಗ ಆತು ಮಾಸ್ತರ. ನೀವೂ ಬಂದಿದ್ರಿ. ಅಕ್ಷತಾ ಹಾಕಿದ್ರಿ. ಎರಡನೇ ಪಂಕ್ತಿಗೆ ಕೂತು ಹೋಳಗಿ ಉಂಡ್ರಿ.”

ಮಾಸ್ತರರಿಗೆ ಮಸುಕಾಗಿ ನೆನಪಾಯಿತು. ವೈಶಾಖದಲ್ಲಿ ಎಲ್ಲೋ ಒಂದು ಹೋಳಿಗೆ ಉಂಡದ್ದು ನಿಜ. ಅಂದು ಪೂರ್ವ ಬಂಗಾಲದ ಸುದ್ದಿ ಬಹಳ ಜೋರಿತ್ತು.

“ನಾ ಕೇಳಿದ್ದು ವೆಂಕಟೇಶಗ. ಮುದ್ದೇಬಿಹಾಳದಾಗ ಹೈಸ್ಕೂಲ್ ಮಾಸ್ತರ ಇದ್ದಾನ ಅಂತ ಅರ್ಧ ತಾಸು ಹೇಳಿದೆ. ನೀವು ಹೂಂ ಅಂದ್ರಿ.” ರಾಯರ ದನಿ ಸಣ್ಣದಾಯಿತು. “ಹಂಗಾದ್ರ… ನನ್ನ ಎತ್ತಿದ್ದು ಯಾಕ?”

ಮಾಸ್ತರರು ನೆಲ ನೋಡಿದರು. “ಅದು… ಭಾರತ ಗೆದ್ದಿತ್ತುರಿ.”

ಕಂಬದ ಕಡೆಯಿಂದ ನರಹರಿ ಮತ್ತೊಮ್ಮೆ ಬಿಕ್ಕಳಿಸಿದ.

“ನನ್ನ ಅಪ್ಪ ಸೈತ ನನ್ನ ಹಂಗ ಎತ್ತಿದ್ದು ನೆನಪಿಲ್ಲ” ಎಂದರು ರಾಯರು. “ಬೀಗರು ಅಂದ್ರ ಇಂಥವರು ಸಿಗಬೇಕಂತ ಊರಿಗೆಲ್ಲಾ ಹೇಳಿಕೋತ ತಿರುಗಿದೆ. ಆತು ಬಿಡ್ರಿ. ಆ ಸಕ್ಕರಿ ಕ್ರಿಕೆಟ್ಟಿಂದು. ನಮ್ಮದು ಆಗೇ ಇಲ್ಲಂತ ತಿಳೀರಿ.” ಅವರು ಎದ್ದು ಒಳಗೆ ಹೋದರು. ನಿಂಬೆಹಣ್ಣಿನ ಚೀಲ ಪಡಸಾಲೆಯಲ್ಲೇ ಉಳಿಯಿತು.

ಮಾಸ್ತರರು ಮನೆಗೆ ಬಂದು ಒಂದೂ ಬಿಡದೆ ಹೇಳಿದರು. ಮುಚ್ಚಿಡಲು ಅವರಲ್ಲಿ ಶಕ್ತಿ ಉಳಿದಿರಲಿಲ್ಲ. ರಂಗೂಬಾಯಿ ಸೆರಗು ಬಾಯಿಗೊತ್ತಿಕೊಂಡು ಕುಸಿದು ಕೂತಳು. ಕುಮುದಾ ಮಾತ್ರ ಎದ್ದು ಮೊದಲು ಕಿಟಕಿ ಹಾಕಿದಳು, ಆ ಮೇಲೆ ಬಾಗಿಲು ಹಾಕಿದಳು. ಗೂಟದಲ್ಲಿದ್ದ ಟ್ರಾನ್ಸಿಸ್ಟರನ್ನು ಜೋಳದ ಚೀಲದೊಳಗೆ ಹುಗಿದು ಬಂದು ಅಪ್ಪನ ಎರಡೂ ಕೈ ಹಿಡಿದು ಎದುರಿಗೆ ಕೂತಳು.

“ಈಗ ಕೇಳ್ರಿ. ಹೂಂ ಅನ್ನಬ್ಯಾಡ್ರಿ, ಬರೇ ಕೇಳ್ರಿ. ಇಲ್ಲಿ ತನಕ ಬಂದ ಮೂರು ಮನಿಯವರೂ ಹುಡುಗಿ ಕಲಿತದ್ದು ಸಾಕು ಅಂದ್ರು. ಎರಡು ವರ್ಷ ಕಾಯ್ತೀವಿ, ಕಲೀಲಿ ಅಂದ ಮನಿ ಇದೊಂದೇ. ವೆಂಕಟೇಶನ್ನ ಇಲ್ಲೇ ಅವರ ಅತ್ತಿ ಮನಿಯೊಳಗ ನೋಡೀನಿ. ಒಳ್ಳೆಯವರದಾರ. ನಾನೂ ಅವತ್ತು ಬಾಗಿಲ ಹಿಂದ ನಿಂತು ಹೂಂ ಅಂದಿದ್ದೆ ಅಪ್ಪಾ.” ಅವಳು ಅಪ್ಪನ ಕೈಯನ್ನು ಇನ್ನಷ್ಟು ಬಿಗಿ ಹಿಡಿದಳು. “ನನ್ನ ಹೂಂ ಖರೇದಿತ್ತು.”

ಮಾಸ್ತರರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ದುಃಖವಾಯಿತು. ಲಂಡನ್ನಿನ ದನಿ ಕಿವಿಗೆ ಮುಟ್ಟಿತ್ತು, ಮೂರು ಮಾರು ಆಚೆ ಬಾಗಿಲ ಹಿಂದೆ ನಿಂತ ಮಗಳ ದನಿ ಮುಟ್ಟಿರಲಿಲ್ಲ. ಎದ್ದವರೇ ಜೋಳದ ಚೀಲಕ್ಕೆ ಕೈ ಹಾಕಿ ಡಬ್ಬಿ ಹೊರತೆಗೆದು ಹಿತ್ತಿಲ ಬಾವಿಯ ಕಡೆ ನಡೆದರು.

“ನಿಲ್ರಿ!” ಎಂದು ರಂಗೂಬಾಯಿ ಓಡಿಬಂದಳು. “ಕುಡಿಯೂ ನೀರಿನ ಬಾವಿ ಅದು!”

ಆಣೆ ಇಟ್ಟವಳೇ ತಡೆದದ್ದರಿಂದ ಟ್ರಾನ್ಸಿಸ್ಟರ್ ಗೈಬುಸಾಬನ ಅಂಗಡಿ ಸೇರಿತು.

ಮರುದಿನ ಮಾಸ್ತರರು ರಜೆ ಚೀಟಿ ಬರೆದುಕೊಟ್ಟು ಮೊದಲನೇ ಬಸ್ಸಿಗೆ ಹೊರಟರು. ಕಂಡಕ್ಟರನ ಮಗ್ಗುಲಲ್ಲೇ ಕೂತು ಪ್ರತಿ ಊರಿಗೂ “ಇದು ತಾಂಬಾ ಏನು?” ಎಂದು ಕೇಳಿ ಅವನ ಪ್ರಾಣ ತಿಂದರು. ಗುಂಡೇರಾಯರ ಪಡಸಾಲೆಯಲ್ಲಿ ಕೈಕಟ್ಟಿ ನಿಂತರು.

“ರಾಯರ, ಇನ್ನೊಮ್ಮೆ ಹೇಳ್ರಿ. ಮಳಿ, ಬೆಳಿಯಿಂದ ಹಿಡಿದು ಹೇಳ್ರಿ.”

“ಅರ್ಧ ತಾಸು ಹಿಡೀತದ” ಎಂದರು ರಾಯರು ಮುಖ ತಿರುಗಿಸಿಕೊಂಡು.

“ಹಿಡೀಲಿ.”

ರಾಯರು ಸುರು ಮಾಡಿದರು. ಸಿಟ್ಟಿಗೋ ಏನೋ, ಈ ಸಲ ಜೋಳದ ಧಾರಣೆಯನ್ನೇ ಕಾಲು ತಾಸು ಹೇಳಿದರು. ಬೀದಿಯಲ್ಲಿ ಟ್ರ್ಯಾಕ್ಟರ್ ಹೋಯಿತು. ಯಾರದೋ ಮನೆಯ ರೇಡಿಯೋ ಹಾಡಿತು. ಅಂಗಳಕ್ಕೆ ಒಂದು ಕತ್ತೆ ಕೂಡ ಬಂದು ನಿಂತಿತು. ಮಾಸ್ತರರು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಬೆವೆತರು. ಕೂತು ಕೇಳುವುದೆಂದರೆ ಇಷ್ಟು ಕಷ್ಟದ ಕೆಲಸವೆಂದು ಅವರಿಗೆ ಇಪ್ಪತ್ತಾರು ವರ್ಷದಲ್ಲಿ ಗೊತ್ತಾಗಿರಲಿಲ್ಲ. ತಾವು ಹಿಂಡಿದ ಕಿವಿಗಳೆಲ್ಲ ಒಮ್ಮೆಗೇ ನೆನಪಾಗಿ ತಮ್ಮ ಕಿವಿಯೇ ಉರಿಯಿತು.

ಮಾತು ಮುಗಿಸಿ ರಾಯರು ಪರೀಕ್ಷೆ ಸುರು ಮಾಡಿದರು. “ಹುಡುಗ ಎಲ್ಲಿದ್ದಾನ?”

“ಮುದ್ದೇಬಿಹಾಳದಾಗ್ರಿ.”

“ಹುಡುಗಿ ಎಲ್ಲೆ ಕಲೀತಾಳ?”

“ಬಾಗೇವಾಡಿಯೊಳಗ್ರಿ. ಎರಡು ವರ್ಷ.”

“ಜೋಳದ ಧಾರಣಿ ಯಾಕ ಇಳೀತು?”

“ತಾಳಿಕೋಟಿ ಪ್ಯಾಟಿಗೆ ಮಾಲು ಹೆಚ್ಚು ಬಂತ್ರಿ.”

ರಾಯರ ಮೀಸೆ ಸ್ವಲ್ಪ ಅಲುಗಿತು. “ಈಗ ನಾ ಹೇಳದೇ ಇದ್ದದ್ದು ಒಂದು ಕೇಳ್ತೀನಿ. ನಿಮ್ಮ ಮಗಳ ಮನಸ್ಸಿನಾಗ ಏನದ?”

“ಅಕಿ ಅವತ್ತು ಬಾಗಿಲ ಹಿಂದ ನಿಂತು ಹೂಂ ಅಂದಿದ್ಲ್ರಿ” ಎಂದರು ಮಾಸ್ತರರು. “ಆ ಮನಿಯೊಳಗ ಅಕಿದೊಂದೇ ಹೂಂ ಖರೇದಿತ್ತು. ನಾ ಕೇಳಿಸಿಕೊಂಡದ್ದು ನಿನ್ನಿ.”

ರಾಯರು ಒಳಗೆ ನೋಡಿ ಕೂಗಿದರು. ಹಸಿರು ಬಳೆಯ ಸೊಸೆ ಸಕ್ಕರೆಯ ಬಟ್ಟಲು ತಂದಳು. ರಾಯರು ಒಂದು ಚಿಟಿಕೆ ಎತ್ತಿದರು. ಅದೇ ಗಳಿಗೆಗೆ ಬೀದಿಯ ರೇಡಿಯೋದಲ್ಲಿ ಏನೋ ಜೋರು ಗದ್ದಲವಾಯಿತು. ಮಾಸ್ತರರ ಬಲಗಿವಿ ಒಂದು ಕೂದಲೆಳೆಯಷ್ಟು ಆ ಕಡೆ ತಿರುಗಿತು. ರಾಯರ ಕೈ ಗಾಳಿಯಲ್ಲೇ ನಿಂತಿತು.

“ಬಾಯಿ ತೆಗಿಯೂಕಿಂತ ಮೊದಲ ಹೇಳ್ರಿ ಮಾಸ್ತರ. ಇದು ಯಾತರ ಸಕ್ಕರಿ?”

“ನನ್ನ ಮಗಳದ್ರಿ” ಎಂದು ಮಾಸ್ತರರು ಬಾಯಿ ತೆರೆದರು.

ಸಕ್ಕರೆ ನುಂಗಿ, ರಾಯರಿಗೂ ಒಂದು ಚಿಟಿಕೆ ತಿನ್ನಿಸಿ, ಈ ಸಲ ಮರ್ಯಾದೆಯಿಂದ ಕೈ ಮುಗಿದು ದೂರ ನಿಂತರು. ಗುಂಡೇ­ರಾಯರು ಮಾತ್ರ ಎದ್ದು ನಿಂತವರು ಕೂಡ್ರಲೇ ಇಲ್ಲ. ಧೋತರದ ಕಚ್ಚೆ ಬಿಗಿ ಮಾಡಿಕೊಂಡರು, ಎರಡೂ ತೋಳು ಸ್ವಲ್ಪ ಅಗಲ ಮಾಡಿದರು.

“ಮತ್ತ?” ಎಂದರು. “ಎತ್ತರಿ ಈಗ.”